ಮಿದುಳಿನಲ್ಲಿ ಕಬ್ಬಿಣ: ಸ್ಕ್ಯಾನು ಹೇಳುವುದು ಎಷ್ಟು?



ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದ ಮನೆಯವರು ರಿಪೋರ್ಟಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ: ‘ಐರನ್ ಅಂತ ಬರದಾರಲ್ರೀ, ಅಪ್ಪನ ತಲ್ಯಾಗ ಕಬ್ಬಣ ಹೆಂಗ ಬಂತ್ರೀ?’ ಅದರ ಹಿಂದೆಯೇ ಸೊಸೆಯ ಪ್ರಶ್ನೆ: ‘ಕಬ್ಬಣದ ಹಂಚಿನ ಮ್ಯಾಲ ರೊಟ್ಟಿ ಸುಡೋದು ಬಿಡಬೇಕೇನ್ರಿ?’ ಇನ್ನು ಕೆಲವರು ಬಸುರಿ ಮಗಳಿಗೆ ಕೊಟ್ಟ ಕಬ್ಬಿಣದ ಕೆಂಪು ಗುಳಿಗೆಯನ್ನೇ ಅನುಮಾನದಿಂದ ನೋಡತೊಡಗುತ್ತಾರೆ. ಕೊನೆಯ ಎರಡಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಹಂಚು ಬಿಡಬೇಡಿ, ಗುಳಿಗೆ ನಿಲ್ಲಿಸಬೇಡಿ. ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕು.

ಅದಕ್ಕೆ ಮರೆವಿನ ಕಾಯಿಲೆಯಾದ ಅಲ್ಜೈಮರ್‌ನಿಂದ ಶುರುಮಾಡಬೇಕು. ಅದನ್ನು ನಮ್ಮ ಕಡೆ ಮುಪ್ಪಿನ ಅರಳುಮರಳು ಎಂದು ಬದಿಗಿಡುವುದು ರೂಢಿ. ಆದರೆ 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಮನೋರೋಗ ಆಸ್ಪತ್ರೆಗೆ ಬಂದ ಆಗಸ್ಟೆ ಡೆಟರ್ ಎಂಬ ಹೆಂಗಸಿಗೆ ಆಗಿನ್ನೂ ಐವತ್ತರ ಆಸುಪಾಸು. ಅವಳು 1906ರಲ್ಲಿ ತೀರಿಕೊಂಡ ಮೇಲೆ ವೈದ್ಯ ಅಲೋಯಿಸ್ ಅಲ್ಜೈಮರ್ ಅವಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ನಡುವೆ ಕಲೆಗಳು, ಕೋಶಗಳ ಒಳಗೆ ಸಿಕ್ಕುಗಟ್ಟಿದ ಎಳೆಗಳು ಕಂಡವು. ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗನ್ನಿನಲ್ಲಿ ಅದನ್ನು ಸಭೆಯ ಮುಂದಿಟ್ಟರು. ಆ ಕಲೆಗಳಲ್ಲಿ ಕಬ್ಬಿಣವೂ ಇದೆ ಎಂದು ಲೂಯಿ ಗುಡ್‌ಮನ್ ಬರೆದದ್ದು 1953ರಲ್ಲಿ. ಅಂದರೆ ಮಿದುಳಿನ ಕಬ್ಬಿಣದ ಸುದ್ದಿ ಹೊಸದಲ್ಲ. ಜೀವಂತ ಮನುಷ್ಯನ ತಲೆಯಲ್ಲಿ ಅದನ್ನು ನೋಡುವ ಯಂತ್ರ ಮಾತ್ರ ಹೊಸದು.

ಕಬ್ಬಿಣವಿಲ್ಲದೆ ಮಿದುಳು ನಡೆಯುವುದೇ ಇಲ್ಲ. ನರತಂತುವಿಗೆ ಮಯಲಿನ್ ಹೊದಿಕೆ ಕಟ್ಟಲು, ಡೋಪಮಿನ್ ತಯಾರಿಸಲು, ಆಮ್ಲಜನಕದಿಂದ ಶಕ್ತಿ ಪಡೆಯಲು ಅದು ಬೇಕೇ ಬೇಕು. ಹೆಚ್ಚಿನದನ್ನು ಫೆರಿಟಿನ್ ಎಂಬ ಪ್ರೋಟೀನು ತನ್ನ ಒಳಗೆ ಕೂಡಿಡುತ್ತದೆ. ಒಂದು ಫೆರಿಟಿನ್ ಚಿಪ್ಪಿನಲ್ಲಿ ಸುಮಾರು 4500 ಕಬ್ಬಿಣದ ಪರಮಾಣು ಹಿಡಿಯುತ್ತವೆ. ರಕ್ತಕ್ಕೂ ಮಿದುಳಿಗೂ ನಡುವೆ ಬಿಗಿಯಾದ ತಡೆಯಿದೆ. ಬೇಕಾದಷ್ಟನ್ನು ಅಳೆದು ಒಳಗೆ ಬಿಟ್ಟುಕೊಳ್ಳುತ್ತದೆ. ಇವತ್ತು ತಿಂದ ರೊಟ್ಟಿಯ, ನುಂಗಿದ ಗುಳಿಗೆಯ ಕಬ್ಬಿಣ ನೇರ ತಲೆಗೆ ಏರುವುದಿಲ್ಲ.

ವಯಸ್ಸಾದಂತೆ ಮಿದುಳಿನಲ್ಲಿ ಕಬ್ಬಿಣ ಕೂಡುವುದು ಎಲ್ಲರಲ್ಲೂ ಉಂಟು. ಹಾಲ್‌ಗ್ರೆನ್ ಮತ್ತು ಸೌರಾಂಡರ್ ಎಂಬಿಬ್ಬರು 1958ರಲ್ಲಿ ಇದನ್ನು ಅಳೆದು ತೋರಿಸಿದರು. ಮಿದುಳಿನ ಆಳದಲ್ಲಿರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಗಂಟಿನಲ್ಲಿ ಅದು ಎಲ್ಲಕ್ಕಿಂತ ಹೆಚ್ಚು, 100 ಗ್ರಾಮಿಗೆ ಸುಮಾರು 21 ಮಿಲಿಗ್ರಾಮ್. ಅಲ್ಲಿ ಮೂವತ್ತು ವಯಸ್ಸಿನವರೆಗೆ ಸರಸರನೆ ಏರಿ ಆಮೇಲೆ ನಿಧಾನವಾಗುತ್ತದೆ. ಎಪ್ಪತ್ತೈದು ದಾಟಿದ ಅಪ್ಪನ ರಿಪೋರ್ಟಿನಲ್ಲಿ ‘ಬೇಸಲ್ ಗ್ಯಾಂಗ್ಲಿಯಾದಲ್ಲಿ ಕಬ್ಬಿಣ’, ಅಂದರೆ ಈ ಗಂಟು ಸೇರಿರುವ ಗುಂಪಿನಲ್ಲಿ ಕಬ್ಬಿಣ, ಎಂದಿದ್ದರೆ ಬಹುಮಟ್ಟಿಗೆ ಅದು ವಯಸ್ಸಿನ ಲೆಕ್ಕ, ರೋಗದ ಲೆಕ್ಕವಲ್ಲ. ಮನೆಮಂದಿಯ ನಿದ್ದೆಗೆಡಿಸುವ ಸಾಲು ಸಾಮಾನ್ಯವಾಗಿ ಇದೇ.

ಯಂತ್ರ ಇದನ್ನು ಹೇಗೆ ಹಿಡಿಯುತ್ತದೆ? ಎಂಆರ್‌ಐ ಎಂದರೆ ದೊಡ್ಡ ಅಯಸ್ಕಾಂತ. ದೇಹದ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಅದರೊಳಗೆ ಒಂದೇ ಲಯದಲ್ಲಿ ಸುತ್ತುತ್ತ ಸಂಕೇತ ಕೊಡುತ್ತವೆ. ಹತ್ತಿರದಲ್ಲಿ ಕಬ್ಬಿಣವಿದ್ದರೆ ಅಲ್ಲಿನ ಕಾಂತಕ್ಷೇತ್ರ ತುಸು ಏರುಪೇರಾಗಿ ಲಯ ಕೆಡುತ್ತದೆ, ಸಂಕೇತ ಬೇಗ ಆರಿಹೋಗುತ್ತದೆ, ಆ ಜಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಕಪ್ಪಾದದ್ದೆಲ್ಲ ಕಬ್ಬಿಣವೂ ಅಲ್ಲ. ಸುಣ್ಣ ಕಟ್ಟಿದ ಜಾಗವೂ ಕಪ್ಪೇ. ಆದರೆ ಕ್ಯಾಲ್ಸಿಯಂ ಕಾಂತಕ್ಷೇತ್ರವನ್ನು ಒಂದು ದಿಕ್ಕಿಗೆ ತಳ್ಳಿದರೆ ಕಬ್ಬಿಣ ಅದರ ವಿರುದ್ಧ ದಿಕ್ಕಿಗೆ ಎಳೆಯುತ್ತದೆ. ಈ ಎಳೆತವನ್ನು ಅಂಕಿಯಾಗಿ ಲೆಕ್ಕ ಹಾಕುವ ವಿಧಾನಕ್ಕೆ ಕ್ಯೂಎಸ್‌ಎಂ ಎಂದು ಹೆಸರು. ಲೆಕ್ಕ ಬಲು ತೊಡಕಿನದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಫಣೀಂದ್ರ ಯಲವರ್ತಿಯವರ ತಂಡ ಇದನ್ನು ಯಂತ್ರಕಲಿಕೆಯಿಂದ ಬಿಡಿಸುವ ಕೆಲಸ ಮಾಡಿದೆ. ಇಷ್ಟಾದರೂ ಒಂದು ಮಿತಿ ಉಳಿಯುತ್ತದೆ. ಅಲ್ಜೈಮರ್ ಕಂಡ ಕಲೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದು, ಆಸ್ಪತ್ರೆಯ ಸ್ಕ್ಯಾನಿನ ಒಂದೊಂದು ಚುಕ್ಕೆ ಸುಮಾರು ಒಂದು ಮಿಲಿಮೀಟರ್. ಬಿಡಿ ಕಲೆ ಕಾಣುವುದಿಲ್ಲ. ಕಾಣುವುದು ಆ ಜಾಗದ ಒಟ್ಟು ಕಬ್ಬಿಣ.

ಅಲ್ಜೈಮರ್ ಇರುವವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ಸಿನಲ್ಲಿ, ಕಿವಿಯ ಮೇಲ್ಭಾಗದ ಮಿದುಳ ತೊಗಟೆಯಲ್ಲಿ ಕಬ್ಬಿಣ ಹೆಚ್ಚಿರುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಮೆಲ್ಬರ್ನಿನ ಸ್ಕಾಟ್ ಏಟನ್ ತಂಡ 2015ರಲ್ಲಿ ಬೆನ್ನುಹುರಿ ದ್ರವದ ಫೆರಿಟಿನ್ನನ್ನೂ 2017ರಲ್ಲಿ ಕ್ಯೂಎಸ್‌ಎಂ ಚಿತ್ರಗಳನ್ನೂ ಆಧರಿಸಿ, ಕಬ್ಬಿಣ ಹೆಚ್ಚಿದ್ದವರ ನೆನಪು ಬೇಗ ಕುಸಿಯುತ್ತದೆ ಎಂದು ತೋರಿಸಿತು. ಕಾರಣವನ್ನೂ ಊಹಿಸಬಹುದಿತ್ತು. ಬಿಡಿಯಾದ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿ ಕೋಶದ ಕೊಬ್ಬಿನ ಪೊರೆಯನ್ನು ಸುಡುತ್ತದೆ. ಹೀಗೆ ಕೋಶ ಸಾಯುವುದಕ್ಕೆ 2012ರಲ್ಲಿ ಫೆರೊಪ್ಟೋಸಿಸ್ ಎಂದು ಹೆಸರಿಟ್ಟರು. ಎಲ್ಲವೂ ಒಂದೇ ಕಡೆ ಬೆರಳು ತೋರಿಸುವಂತಿತ್ತು: ಕಬ್ಬಿಣ ತೆಗೆಯಿರಿ, ಕಾಯಿಲೆ ನಿಲ್ಲುತ್ತದೆ.

ಆದರೆ ಬಣವೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ನಿಂತವರನ್ನೆಲ್ಲ ಬೆಂಕಿ ಹಚ್ಚಿದವರೆನ್ನಲಾದೀತೇ? ನಿಜ ತಿಳಿಯಬೇಕಾದರೆ ಕಬ್ಬಿಣ ತೆಗೆದೇ ನೋಡಬೇಕು. 1991ರಲ್ಲಿ ಕೆನಡಾದ 48 ರೋಗಿಗಳ ಪರೀಕ್ಷೆಯಲ್ಲಿ ಲೋಹ ಹೀರುವ ಡೆಸ್‌ಫೆರಿಯಾಕ್ಸಮಿನ್ ಚುಚ್ಚುಮದ್ದು ಕುಸಿತವನ್ನು ನಿಧಾನಗೊಳಿಸಿದಂತೆ ಕಂಡಿತ್ತು. ತಮಾಷೆಯೆಂದರೆ ಅಂದು ಅವರು ಬೆನ್ನಟ್ಟಿದ್ದು ಕಬ್ಬಿಣವನ್ನಲ್ಲ, ಅಲ್ಯುಮಿನಿಯಮ್ಮನ್ನು. ಮುಂದೆ ಅದೇ ಏಟನ್ ತಂಡ ಥಲಸೀಮಿಯಾ ಮಕ್ಕಳಿಗೆ ಕೊಡುವ ಡೆಫೆರಿಪ್ರೋನ್ ಗುಳಿಗೆಯನ್ನು ಅಲ್ಜೈಮರ್ ಆರಂಭದಲ್ಲಿರುವವರಿಗೆ ಒಂದು ವರ್ಷ ಕೊಟ್ಟಿತು. ಒಟ್ಟು 81 ಜನ. 2024ರಲ್ಲಿ ಫಲಿತಾಂಶ ಬಂತು. ಮದ್ದು ತೆಗೆದುಕೊಂಡವರ ಹಿಪೊಕ್ಯಾಂಪಸ್ಸಿನ ಕಬ್ಬಿಣ ಸ್ಕ್ಯಾನಿನಲ್ಲಿ ಹುಸಿ ಗುಳಿಗೆ ತೆಗೆದುಕೊಂಡವರಿಗೆ ಹೋಲಿಸಿದರೆ ಇಳಿದಿತ್ತು, ಬುದ್ಧಿಶಕ್ತಿ ಮಾತ್ರ ಇನ್ನೂ ಬೇಗ ಕುಸಿದಿತ್ತು. ಪಾರ್ಕಿನ್ಸನ್ ಕಾಯಿಲೆಯ 372 ಜನರ ಮೇಲೆ ನಡೆದ 2022ರ ಪರೀಕ್ಷೆಯಲ್ಲೂ ಇದೇ ಮದ್ದು ಸ್ಥಿತಿ ಬಿಗಡಾಯಿಸುವಂತೆ ಮಾಡಿತು. ಚಿತ್ರ ಸುಧಾರಿಸಿತು, ಮನುಷ್ಯ ಸುಧಾರಿಸಲಿಲ್ಲ. ತಾವೇ ಬೆಳೆಸಿದ ವಾದಕ್ಕೆ ವಿರುದ್ಧವಾದ ಈ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದ ತಂಡದ ಬಗ್ಗೆ ನನಗೆ ಗೌರವವಿದೆ.

ಹಾಗಾದರೆ ಕಬ್ಬಿಣ ತೋರಿಸುವ ಸ್ಕ್ಯಾನಿನಿಂದ ಏನೂ ಉಪಯೋಗವಿಲ್ಲವೇ? ಒಂದು ಕಡೆ ತುಂಬ ಇದೆ. ಮಿದುಳಿನ ಸಣ್ಣ ರಕ್ತನಾಳ ಸೋರಿದರೆ ರಕ್ತದ ಕಬ್ಬಿಣ ಅಲ್ಲಿಯೇ ಉಳಿದು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್‌ನಂಥ ಅಲ್ಜೈಮರ್ ಮದ್ದು ಕೊಡುವ ಮುನ್ನ ಈ ಚುಕ್ಕೆಗಳನ್ನು ಎಣಿಸಲೇಬೇಕು. ನಾಲ್ಕಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಮದ್ದು ಕೊಡುವುದಿಲ್ಲ, ಕೊಟ್ಟ ಮೇಲೂ ಮತ್ತೆ ಮತ್ತೆ ಎಂಆರ್‌ಐ ಮಾಡಬೇಕು.

ಈಗ ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಮಾತು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಅಲ್ಜೈಮರ್‌ನಂಥ ಮರೆವಿನ ಕಾಯಿಲೆ (ಡಿಮೆನ್ಶಿಯಾ) ಇದೆ. ಪೇಟೆಗಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಟ್ಟು ಅಧ್ಯಯನ ನಡೆಸುತ್ತಿದೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿವೆ. ಅಂಥದೊಂದು ಹಾವೇರಿ ಜಿಲ್ಲೆಗೂ ಬೇಕು ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ಸ್ಕ್ಯಾನಿಗಿಂತ ಮುಂಚೆ ಕಾಣಿಸುವುದನ್ನು ನೋಡೋಣ. ಸವಣೂರಿನ ಎಲೆತೋಟದಲ್ಲಿ ನಲವತ್ತು ವರ್ಷ ಎಲೆ ಎಣಿಸಿ ಕಟ್ಟು ಕಟ್ಟಿದವರು ಲೆಕ್ಕ ತಪ್ಪುತ್ತಾರೆ. ಉಂಡ ತಟ್ಟೆ ಎತ್ತಿದ ಹತ್ತು ನಿಮಿಷಕ್ಕೆ ಅಜ್ಜಿ ‘ನನಗ ಯಾರೂ ಊಟಾನ ಹಾಕಿಲ್ಲ’ ಎನ್ನುತ್ತಾಳೆ. ಹಾನಗಲ್ಲಿನ ತಾರಕೇಶ್ವರ ಗುಡಿಯಿಂದ ಮನೆಗೆ ಬರುವ ದಾರಿ ಅಜ್ಜನಿಗೆ ಹೊಸದಾಗುತ್ತದೆ. ಓದು ಬಾರದ ಹಿರಿಯರ ಕೈಗೆ ಪೆನ್ಸಿಲ್ಲು ಕೊಟ್ಟು ಮಾಡುವ ಪರೀಕ್ಷೆಗಿಂತ, ಜೊತೆಗಿರುವ ಸೊಸೆ ಹೇಳುವ ಇಂಥ ನಾಲ್ಕು ಮಾತು ವೈದ್ಯರಿಗೆ ಹೆಚ್ಚು ತಿಳಿಸುತ್ತವೆ. ಆಕೆಯನ್ನು ಹೊರಗೆ ಕೂರಿಸಬೇಡಿ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವುಡು, ಬೈಕಿನಿಂದ ಬಿದ್ದು ತಲೆಯೊಳಗೆ ನಿಧಾನವಾಗಿ ಕಟ್ಟಿದ ರಕ್ತ ಇವೆಲ್ಲ ಮರೆವಿನ ವೇಷ ಹಾಕಿ ಬರುತ್ತವೆ, ಇವಕ್ಕೆ ಚಿಕಿತ್ಸೆಯೂ ಇದೆ.

ಕೊನೆಗೆ ಗುಳಿಗೆಯ ವಿಚಾರ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ. ಮುದುಕರಲ್ಲೂ ರಕ್ತಹೀನತೆ ಮಿದುಳಿಗೆ ಒಳ್ಳೆಯದಲ್ಲ. ಅಮೆರಿಕದ 2552 ಹಿರಿಯರನ್ನು ಹಿಂಬಾಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಹೀನತೆ ಇದ್ದವರಲ್ಲಿ ಶೇ. 23ರಷ್ಟು ಜನರಿಗೆ, ಇಲ್ಲದವರಲ್ಲಿ ಶೇ. 17ರಷ್ಟು ಜನರಿಗೆ ಡಿಮೆನ್ಶಿಯಾ ಬಂತು. ಬಸುರಿಗೆ ದಿನಕ್ಕೊಂದು, 60 ಮಿಲಿಗ್ರಾಮಿನ ಕೆಂಪು ಗುಳಿಗೆಯನ್ನು 180 ದಿನ ತಪ್ಪದೆ ಕೊಡಿ. ಹಿರಿಯರಿಗೆ ವೈದ್ಯರು ಬರೆದ ಕಬ್ಬಿಣದ ಮದ್ದನ್ನು ಸ್ಕ್ಯಾನ್ ರಿಪೋರ್ಟು ಓದಿ ನೀವಾಗಿಯೇ ನಿಲ್ಲಿಸಬೇಡಿ. ಆಶಾ ಕಾರ್ಯಕರ್ತೆಯರು ಈ ಎರಡು ಮಾತನ್ನು ತಮ್ಮ ಊರಿನ ಪ್ರತಿ ಮನೆಗೂ ಮುಟ್ಟಿಸಬೇಕೆಂದು ಕೋರುತ್ತೇನೆ.