ಹುಣಸೆ ಮರದ ಕೆಳಗಿನ ಪಾಠ



ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬರುತ್ತವೆ. ಗೂಡು ಕಟ್ಟುವುದು ಯಾವುದೋ ಕಾಡಿನಲ್ಲಲ್ಲ, ಮನೆಗಳ ಪಕ್ಕದ ಹುಣಸೆ, ಅತ್ತಿ, ಆಲದ ಮರಗಳಲ್ಲಿ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು ಎನ್ನುತ್ತಾರೆ ಊರವರು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು.

ಶಾಲೆಗಳು ಮಕ್ಕಳನ್ನು ಬಸ್ಸಿನಲ್ಲಿ ಇಲ್ಲಿಗೆ ಕರೆತರುತ್ತವೆ. ಮಕ್ಕಳು ತಲೆಯೆತ್ತಿ ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ. ನನ್ನ ಕೋರಿಕೆ ಇಷ್ಟೇ: ಅವರು ಮರದ ಕೆಳಗನ್ನೂ ನೋಡಲಿ. ಅಂಗಳದ ತುಂಬ ಹಿಕ್ಕೆ, ಮೀನಿನ ವಾಸನೆ. ಹುಣಸೆ ಹಣ್ಣಾಗುವ ಹೊತ್ತಿಗೇ ಗೂಡಿನಲ್ಲಿ ಮರಿಗಳಿರುತ್ತವೆ. ಮರ ಬಡಿದು ಹಣ್ಣು ಉದುರಿಸುವಂತಿಲ್ಲ. ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ನಿಜ. ಹಿಕ್ಕೆ ಬೆರೆತ ಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೂ ಹೌದು. ಆದರೂ ವರ್ಷವರ್ಷವೂ ಹಕ್ಕಿಗಳ ಗಲಾಟೆ, ಈ ನಾತ ಸಹಿಸಿಕೊಂಡಿರುವವರು ಆ ಮನೆಯವರೇ. ಪಠ್ಯಪುಸ್ತಕದ ಪ್ರಾಣಿದಯೆಯ ಪಾಠದಲ್ಲಿ ಈ ಮನೆಯವರು ಬರುವುದಿಲ್ಲ. ಹಾಗಾಗಿ ಅಲ್ಲಿ ದಯೆ ಬಲು ಸುಲಭದ್ದಾಗಿ ಕಾಣುತ್ತದೆ.

ಗೂಡಿನಿಂದ ನೆಲಕ್ಕೆ ಬಿದ್ದ ಮರಿಗೆ ತಾಯಿ ಹಕ್ಕಿ ಕೆಳಗಿಳಿದು ಉಣಿಸುವುದಿಲ್ಲ. ಮೊದಲೆಲ್ಲ ಇಂಥ ಮರಿಗಳು ಹಸಿವಿನಿಂದಲೋ ನಾಯಿಬಾಯಿಗೆ ಸಿಕ್ಕೋ ಸಾಯುತ್ತಿದ್ದವು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರೇಮಿಗಳ ಜೊತೆ ಸೇರಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುತ್ತಾ ಬಂದರು. ಹಸಿದ ಮರಿಗೆ ಹೊತ್ತುಹೊತ್ತಿಗೆ ಮೀನು ಒದಗಿಸುವುದು ಸಣ್ಣ ಕೆಲಸವಲ್ಲ. ಅದನ್ನು ಕಣ್ಣಾರೆ ಕಂಡ ಮಗುವಿಗೆ ಹಕ್ಕಿಯ ಹಸಿವು ಅರ್ಥವಾಗುತ್ತದೆ, ಉಣಿಸುವವರ ದಣಿವೂ ಅರ್ಥವಾಗುತ್ತದೆ.

2017ರ ಕೊನೆಯಿಂದ ಕೆಲವು ತಿಂಗಳು ಇಲ್ಲಿ ಹಲವು ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತವು. ಸತ್ತ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳು ಸಿಕ್ಕವು. ಇಂಥ ಹುಳು ಹಕ್ಕಿಗೆ ತಗಲುವುದು ತಿಂದ ಮೀನಿನಿಂದ. ಹಾಗಾದರೆ ಆ ಮೀನು ಬೆಳೆದ ಕೆರೆಯ, ಹೊಳೆಯ ನೀರು ಹೇಗಿದೆ? ಪ್ರಶ್ನೆ ಹಕ್ಕಿಯಿಂದ ಹೊರಟು ನಮ್ಮ ಚರಂಡಿಯವರೆಗೂ ಬರುತ್ತದೆ.

ಮೇಷ್ಟ್ರುಗಳೇ, ಮೇಡಂಗಳೇ, ಮುಂದಿನ ಸಲ ಮಕ್ಕಳನ್ನು ಕರೆತಂದಾಗ ಹಕ್ಕಿಗಳನ್ನು ಎಣಿಸುವ ಕೆಲಸದ ಜೊತೆ ಇನ್ನೊಂದನ್ನೂ ಕೊಡಿ. ಮರವಿರುವ ಮನೆಯ ಅಜ್ಜಿಯ ಹತ್ತಿರ ಕೂತು, ಹಕ್ಕಿ ಬಂದ ತಿಂಗಳುಗಳಲ್ಲಿ ಅವರ ದಿನ ಹೇಗೆ ಬದಲಾಗುತ್ತದೆ ಎಂದು ಕೇಳಿ ಬರೆದುಕೊಳ್ಳಲಿ.