ಹಸಿರು ಕಟ್ಟಡದ ಮೊದಲ ಮೆಟ್ಟಿಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ್ದು ಖರ್ಚಿನ ವಿಚಾರದಲ್ಲಿ ಎಚ್ಚರ ಕೊಡುವುದಕ್ಕೆ. ಆದರೆ ಮನೆಯ ಖರ್ಚು ಗೃಹಪ್ರವೇಶದ ದಿನಕ್ಕೆ ಮುಗಿಯುವುದಿಲ್ಲ. ನಲ್ಲಿಯ ನೀರು, ದೀಪ, ಫ್ಯಾನು, ತಂಪುಯಂತ್ರ ಎಂದು ಅದು ಕಟ್ಟಡ ನಿಂತಿರುವಷ್ಟು ಕಾಲವೂ ನಡೆಯುತ್ತದೆ. ಈ ಎರಡನೆಯ ಖರ್ಚನ್ನು ನಕ್ಷೆ ಬರೆಯುವಾಗಲೇ ತಗ್ಗಿಸುವ ವಿದ್ಯೆಗೆ ಈಗ ಹಸಿರು ಕಟ್ಟಡ ಎಂಬ ಹೆಸರು ಬಂದಿದೆ. ಆ ವಿದ್ಯೆಯ ಹೊಸ್ತಿಲಲ್ಲಿ ಒಂದು ಪರೀಕ್ಷೆಯುಂಟು. ಅದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಬೀದಿಯ ಹುಡುಗನೊಬ್ಬ, ಸಿವಿಲ್ ಡಿಪ್ಲೊಮಾ ಮಾಡಿದವನು, ಒಂದು ಸಂಜೆ ಜೋಲುಮುಖ ಹಾಕಿಕೊಂಡು ಬಂದ. “ಮೇಷ್ಟ್ರೇ, ಲೀಡ್ ಗ್ರೀನ್ ಅಸೋಸಿಯೇಟ್ ಪರೀಕ್ಷೆಗೆ ಕೂತಿದ್ದೆ. 163 ಬಂತು. 170 ಬೇಕಿತ್ತು” ಎಂದ. ಶುಲ್ಕವನ್ನು ಡಾಲರಿನ ಲೆಕ್ಕದಲ್ಲಿ ಕಟ್ಟಿದ್ದ. ಅದು ಅವನ ಸಂಬಳದಲ್ಲಿ ಉಳಿಸಿದ ಹಣ. “ಹೇಗೆ ಓದಿದೆಯಪ್ಪಾ?” ಎಂದೆ. “ಹಳೆಯ ಪ್ರಶ್ನೆಗಳನ್ನೆಲ್ಲ ಬಾಯಿಪಾಠ ಮಾಡಿದೆ” ಎಂದ. ರೋಗ ಎಲ್ಲಿದೆಯೆಂಬುದು ತಿಳಿಯಿತು.

ಈ ಪರೀಕ್ಷೆಯ ಮೂಲ ಅಮೆರಿಕ. ಅಲ್ಲಿ 1993ರಲ್ಲಿ ಹಸಿರು ಕಟ್ಟಡ ಮಂಡಳಿ ಹುಟ್ಟಿತು. 1998ರಲ್ಲಿ ‘ಲೀಡ್’ ಎಂಬ ಅಳತೆಗೋಲು ಪ್ರಯೋಗಕ್ಕೆ ಬಂತು. ಜಾಗ, ಸಂಚಾರ, ನೀರು, ಶಕ್ತಿ, ಸಾಮಗ್ರಿ, ಒಳಗಿನ ಗಾಳಿ ಬೆಳಕು ಇವುಗಳಿಗೆ ಅಂಕ ಕೊಟ್ಟು, ಒಟ್ಟು 110ರಲ್ಲಿ 40 ಬಂದರೆ ಪ್ರಮಾಣಪತ್ರ, 50ಕ್ಕೆ ಬೆಳ್ಳಿ, 60ಕ್ಕೆ ಚಿನ್ನ, 80ಕ್ಕೆ ಪ್ಲಾಟಿನಂ ಎಂದು ಕಟ್ಟಡವನ್ನು ತೂಗುತ್ತಾರೆ. ನಮಗೂ ಇದು ದೂರದ ಮಾತಲ್ಲ. ಹೈದರಾಬಾದಿನಲ್ಲಿ ಸೊರಾಬ್ಜಿ ಗೋದ್ರೆಜ್ ಅವರ ಹೆಸರಿನ ಕೇಂದ್ರವು ಪ್ಲಾಟಿನಂ ದರ್ಜೆ ಪಡೆದು, 2004ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಉದ್ಘಾಟನೆಗೊಂಡಿತು.

ಇಲ್ಲಿ ಒಂದು ಭೇದವನ್ನು ಮನಸ್ಸಿನಲ್ಲಿಡಬೇಕು. ಬೆಳ್ಳಿ, ಚಿನ್ನಗಳು ಕಟ್ಟಡಕ್ಕೆ. ಗ್ರೀನ್ ಅಸೋಸಿಯೇಟ್ ಎಂಬ ಅರ್ಹತೆ ಮನುಷ್ಯನಿಗೆ. ಅದನ್ನು ಪಡೆದವನು ತಾನೇ ಕಟ್ಟಡಗಳಿಗೆ ದರ್ಜೆ ಕೊಡುವ ಅಧಿಕಾರಿಯಾಗುವುದಿಲ್ಲ. ಈ ವಿದ್ಯೆಯ ಭಾಷೆ ಅವನಿಗೆ ತಿಳಿದಿದೆ ಎಂದಷ್ಟೇ ಅದರ ಅರ್ಥ. ಅದಕ್ಕೆ ಮೇಲೆ ಎ.ಪಿ. ಎಂಬ ಇನ್ನೊಂದು ಮೆಟ್ಟಿಲಿದೆ. ಮೊದಲ ಮೆಟ್ಟಿಲಿಗೆ ಕೆಲಸದ ಅನುಭವ ಕೇಳುವುದಿಲ್ಲ. ಲೀಡ್‌ನ ನಾಲ್ಕನೆಯ ಆವೃತ್ತಿಯ ಪರೀಕ್ಷೆಯಲ್ಲಿ ಎರಡು ಗಂಟೆಗೆ 100 ಪ್ರಶ್ನೆ. ಅಂಕ 125ರಿಂದ 200ರವರೆಗೆ. 170 ಎಂದರೆ ನೂರಕ್ಕೆ ಎಂಬತ್ತೈದು ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ, ಅದು ಪ್ರಶ್ನೆಪತ್ರಿಕೆಯ ಕಾಠಿಣ್ಯವನ್ನು ಸರಿದೂಗಿಸಿದ ಅಂಕ. ಗೆದ್ದ ಮೇಲೂ ಎರಡೆರಡು ವರ್ಷಕ್ಕೆ 15 ಗಂಟೆಯ ಅಧ್ಯಯನ ತೋರಿಸದಿದ್ದರೆ ಅರ್ಹತೆ ಉಳಿಯುವುದಿಲ್ಲ.

ನಾನು ಹುಡುಗನಿಗೆ ಹೇಳಿದೆ: “ಪುಸ್ತಕ ಮುಚ್ಚು. ಮೊದಲು ನಿನ್ನ ಕಚೇರಿಯನ್ನೇ ಓದು.” ಲೆಕ್ಕದಿಂದಲೇ ಆರಂಭಿಸಿದೆವು. ಶೌಚದ ತೊಟ್ಟಿಗೆ ಲೀಡ್ ಆಧಾರವಾಗಿ ಹಿಡಿಯುವ ಅಳತೆ ಒಂದು ಸಲಕ್ಕೆ 6 ಲೀಟರ್. ಕಚೇರಿಯಲ್ಲಿ ನೂರು ಮಂದಿ ಮಹಿಳೆಯರು, ದಿನಕ್ಕೆ ತಲಾ ಮೂರು ಸಲ ಎನ್ನಿ. 1,800 ಲೀಟರ್ ಆಯಿತು. 4.8 ಲೀಟರಿನ ತೊಟ್ಟಿ ಇಟ್ಟರೆ 1,440. ದಿನಕ್ಕೆ 360 ಲೀಟರ್ ಉಳಿಯಿತು. 250 ಕೆಲಸದ ದಿನಕ್ಕೆ 90,000 ಲೀಟರ್! “ಶೇಕಡ 20 ಅಂತ ಬಾಯಿಪಾಠ ಮಾಡಿದ್ದೆ, ಮೇಷ್ಟ್ರೇ, ಅದು ಇಷ್ಟು ನೀರು ಅಂತ ಗೊತ್ತಿರಲಿಲ್ಲ” ಎಂದ.

ಆಮೇಲೆ ಪಡುವಣ ಗೋಡೆಗೆ ಬಂದೆವು. ಅಲ್ಲೆಲ್ಲ ಗಾಜು. ಮಧ್ಯಾಹ್ನ ಮೂರಕ್ಕೆ ಬಿಸಿಲು ಕಣ್ಣು ಕುಕ್ಕುತ್ತದೆಂದು ಪರದೆ ಎಳೆಯುತ್ತಾರೆ, ಕತ್ತಲಾಯಿತೆಂದು ದೀಪ ಹಾಕುತ್ತಾರೆ, ಗಾಜು ಕಾಯಿತೆಂದು ತಂಪುಯಂತ್ರ ಜೋರಾಗಿ ಓಡುತ್ತದೆ. ಒಂದು ತಪ್ಪಿಗೆ ಮೂರು ದಂಡ! ಇದನ್ನು ತಡೆಯಬೇಕಾದರೆ ವಾಸ್ತುಶಿಲ್ಪಿ, ವಿದ್ಯುತ್ತಿನವರು, ನೀರಿನವರು, ಕಟ್ಟಿಸುವ ಯಜಮಾನರು ಎಲ್ಲರೂ ಮೊದಲ ಗೆರೆ ಎಳೆಯುವ ಮುಂಚೆಯೇ ಒಂದೆಡೆ ಕುಳಿತು ಮಾತನಾಡಬೇಕು. ಲೀಡ್‌ನ ಪಾಠಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಮೊದಲು ಅಗತ್ಯವನ್ನು ತಗ್ಗಿಸು, ಆಮೇಲೆ ಒಳ್ಳೆಯ ಯಂತ್ರ ತರು, ಕೊನೆಗೆ ಸೌರಫಲಕ ಹಾಕು ಎಂಬ ಕ್ರಮ ಅರ್ಥವಾದರೆ ಅರ್ಧ ಪರೀಕ್ಷೆ ಗೆದ್ದಂತೆ.

ಹುಡುಗ ಮತ್ತೆ ಶುಲ್ಕ ಕಟ್ಟಿ ಕೂತ. ಈ ಬಾರಿ 181 ಬಂತು. ಪೇಡ ತಂದುಕೊಟ್ಟು, “ಇನ್ನು ದೊಡ್ಡ ಕೆಲಸ ಸಿಗುತ್ತದೆಯೇ ಮೇಷ್ಟ್ರೇ?” ಎಂದು ಕೇಳಿದ. ಸಿಕ್ಕೇ ಸಿಗುತ್ತದೆಂದು ನಾನು ಹೇಳಲಿಲ್ಲ. ಹೆಸರಿನ ಮುಂದಿನ ಎರಡು ಪದ ಅರ್ಜಿಯನ್ನು ಮೇಜಿನ ಮೇಲಿಡಬಹುದು. ಕೆಲಸ ಉಳಿಸಿಕೊಳ್ಳುವುದು ಅವನ ಕೈಯಲ್ಲಿದೆ.

ತಿಂಗಳಾದ ಮೇಲೆ ಇನ್ನೊಂದು ಸುದ್ದಿ ತಂದ. ಹೊಸ ಕಟ್ಟಡವೊಂದರ ಮೊದಲ ಸಭೆಯಲ್ಲಿ, ಎಲ್ಲರಿಗಿಂತ ಕಿರಿಯನಾದ ಅವನು ಎದ್ದು ನಿಂತು, “ಪಡುವಣ ಗಾಜಿನ ಹೊರಗೆ ನೆರಳುಪಟ್ಟಿ ಕೊಡಬಹುದೇ?” ಎಂದು ಕೇಳಿದನಂತೆ. ಹಿರಿಯ ಎಂಜಿನಿಯರು ಒಂದು ಗಳಿಗೆ ಸುಮ್ಮನಿದ್ದು, ನಕ್ಷೆಯನ್ನು ತಿರುಗಿಸಿ ನೋಡಿದರಂತೆ. ನೆರಳುಪಟ್ಟಿ ಬಂತೋ ಇಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ಪ್ರಶ್ನೆ ಬರಬೇಕಾದ ಹೊತ್ತಿಗೆ ಬಂತು. ಈ ಪರೀಕ್ಷೆಗೆ ಕೂರಬೇಕೆಂದಿರುವ ತರುಣ ತರುಣಿಯರು ಅಷ್ಟನ್ನು ಕಲಿತರೆ ಕಟ್ಟಿದ ಶುಲ್ಕ ವ್ಯರ್ಥವಾಗುವುದಿಲ್ಲ.