ಬಿಳಿ ಕೋಟು ತೊಡುವ ಮುಂಚೆ ಒಂದು ಲೆಕ್ಕ



ಪಿಯುಸಿ ಸೈನ್ಸ್ ಓದಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿ ವರ್ಷ ಈ ಹೊತ್ತಿಗೆ ಒಂದೇ ಮಾತು. ಮೆಡಿಕಲ್ ಸೀಟು ಸಿಗುತ್ತಾ? ಹಾವೇರಿಗೆ ಹೋಗಿ, ರಾಣೆಬೆನ್ನೂರಿಗೆ ಹೋಗಿ, ಬ್ಯಾಡಗಿಗೆ ಹೋಗಿ, ಅಪ್ಪಂದಿರು ಹೇಳೋದು ಇದೇ: "ಹೊಲಾ ಹೋದ್ರೂ ಚಿಂತಿಲ್ರೀ, ನಮ್ಮ ಹುಡುಗನ್ನ ಡಾಕ್ಟರ್ ಮಾಡ್ಬೇಕ್ರೀ." ಮಾಡಿ. ಬೇಡ ಅನ್ನೋಕೆ ನಾನ್ಯಾರು? ಊರಿಗೆ ಡಾಕ್ಟರ್ ಬೇಕು. ಆದರೆ ಆ ಮಾತಿನಲ್ಲಿ "ಹೊಲಾ ಹೋದ್ರೂ" ಅನ್ನೋ ಎರಡು ಪದ ಇದೆಯಲ್ಲ, ಇವತ್ತಿನ ನನ್ನ ಮಾತು ಅದರ ಬಗ್ಗೆ.

ನಾನು ಓದಿದ್ದು ಇಂಜಿನಿಯರಿಂಗ್. ಡಾಕ್ಟರ್ ಆಗೋದು ಹೇಗೆ ಅಂತ ಪಾಠ ಮಾಡುವ ಯೋಗ್ಯತೆ ನನಗಿಲ್ಲ. ಲೆಕ್ಕ ಹಾಕೋದು ಗೊತ್ತು. ಅಷ್ಟನ್ನು ಮಾಡೋಣ.

ಲೆಕ್ಕಕ್ಕೆ ಮುಂಚೆ ಒಂದು ಹೆಸರು. ನವೀನ್ ಶೇಖರಪ್ಪ ಗ್ಯಾನಗೌಡರ್. ರಾಣೆಬೆನ್ನೂರು ತಾಲೂಕಿನ ಚಳಗೇರಿಯ ಹುಡುಗ. ವಯಸ್ಸು 21. ಉಕ್ರೇನ್ ದೇಶದ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ವೈದ್ಯಕೀಯ ವಿದ್ಯಾರ್ಥಿ. 2022ರ ಫೆಬ್ರುವರಿ 24ಕ್ಕೆ ಯುದ್ಧ ಶುರುವಾಯಿತು. ಮಾರ್ಚ್ 1ರಂದು ದಿನಸಿ ತರೋಕೆ ಅಂತ ಅಂಗಡಿ ಮುಂದೆ ಸಾಲಲ್ಲಿ ನಿಂತಿದ್ದಾಗ ದಾಳಿಗೆ ಬಲಿಯಾದ. ಇಪ್ಪತ್ತು ದಿನ ಬಿಟ್ಟು, ಮಾರ್ಚ್ 21ಕ್ಕೆ, ಮೃತದೇಹ ಬೆಂಗಳೂರಿಗೆ ಬಂತು. ಊರಲ್ಲಿ ಪೂಜೆ ಆಯಿತು, ಅಂತಿಮ ದರ್ಶನ ಆಯಿತು. ಆಮೇಲೆ ತಂದೆ ತಾಯಿ ಏನು ಮಾಡಿದರು ಗೊತ್ತಾ? ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ಮಗನ ದೇಹವನ್ನೇ ದಾನ ಕೊಟ್ಟರು. ಡಾಕ್ಟರ್ ಆಗಬೇಕಿದ್ದ ಹುಡುಗನ ದೇಹವನ್ನು, ಡಾಕ್ಟರ್ ಆಗುವ ಮಕ್ಕಳ ಓದಿಗೆ.

ಆ ತಂದೆ ಅವತ್ತು ಮಾಧ್ಯಮದವರ ಮುಂದೆ ಒಂದು ಮಾತು ಹೇಳಿದ್ದರು. ಪಿಯುಸಿಯಲ್ಲಿ ಶೇಕಡಾ 97 ಅಂಕ ತೆಗೆದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಅಂತ. ಇಡೀ ದೇಶ ಆ ಮಾತು ಕೇಳಿಸಿಕೊಂಡಿತು. ಕೇಳಿಸಿಕೊಂಡು ಏನು ಕಲಿತೆವು? ಅದು ಪ್ರಶ್ನೆ.

ಈಗ ಲೆಕ್ಕಕ್ಕೆ ಬನ್ನಿ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. "ಅರ್ಹರು" ಅನ್ನಿಸಿಕೊಂಡವರು ಸುಮಾರು 13 ಲಕ್ಷ. ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟು ಒಂದು ಲಕ್ಷ ಹತ್ತು ಸಾವಿರದ ಆಸುಪಾಸು. ಅಂದರೆ ಅರ್ಹರಾದ ಹನ್ನೆರಡು ಮಕ್ಕಳಿಗೆ ಒಂದು ಸೀಟು. ಅದರಲ್ಲೂ ಹೆಚ್ಚುಕಡಿಮೆ ಅರ್ಧ ಮಾತ್ರ ಸರ್ಕಾರಿ ಕಾಲೇಜಿನದು. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಅಂಕ 720ಕ್ಕೆ 162. ಸರ್ಕಾರಿ ಸೀಟಿಗೆ? ಆರುನೂರು ದಾಟಿದವರೇ ಒದ್ದಾಡಿದರು. ಈ ಎರಡು ಸಂಖ್ಯೆಗಳ ನಡುವೆ ಇದೆಯಲ್ಲ ಕಂದಕ, ಏಜೆಂಟರು ಅಂಗಡಿ ಇಟ್ಟುಕೊಂಡಿರೋದು ಅಲ್ಲಿ. "ನಿಮ್ಮ ಹುಡುಗ ನೀಟ್ ಕ್ವಾಲಿಫೈ ಆಗಿದ್ದಾನೆ ಸರ್" ಅಂತ ಫೋನ್ ಬರುತ್ತೆ. ಅಪ್ಪ ಹಿಗ್ಗುತ್ತಾನೆ. ಕ್ವಾಲಿಫೈ ಆಗೋದು ಬೇರೆ, ಸೀಟು ಸಿಗೋದು ಬೇರೆ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಎರಡನೇದು, ರೊಕ್ಕ. ಸರ್ಕಾರಿ ಕಾಲೇಜಿನ ಸೀಟಾದರೆ ವರ್ಷದ ಫೀಸು ಸಾವಿರಗಳ ಲೆಕ್ಕದಲ್ಲಿ ಮುಗಿಯುತ್ತೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಆದರೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾ ಅಂದರೆ ವರ್ಷಕ್ಕೆ ಹತ್ತು ಲಕ್ಷ ದಾಟುತ್ತೆ. ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಕೋಟಾದ ಮಾತು ಬಿಡಿ, ಅದು ನನಗೂ ನಿಮಗೂ ಅಲ್ಲ. ಈಗ ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನನ್ನು ನೆನಪು ಮಾಡಿಕೊಳ್ಳಿ. ಆ ಕೆಂಪು ಮೆಣಸಿನಕಾಯಿಗೆ ಜಿಐ ಮಾನ್ಯತೆ ಇದೆ, ಹೆಸರು ದೇಶ ದಾಟಿದೆ. ಆದರೆ 2024ರ ಮಾರ್ಚ್ 11ಕ್ಕೆ ದರ ಕುಸಿಯಿತು ಅಂತ ಅದೇ ಬ್ಯಾಡಗಿ ಮಾರುಕಟ್ಟೆಯಲ್ಲಿ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಒಂದೇ ದಿನದ ದರ ಇಡೀ ವರ್ಷದ ಸಂಸಾರವನ್ನು ಅಲ್ಲಾಡಿಸುವ ಮನೆ ಅದು. ಆ ಮನೆಯವರು ಐದು ವರ್ಷ ತಪ್ಪದೆ ಹತ್ತು ಲಕ್ಷ ಕಟ್ಟುತ್ತೇವೆ ಅಂತ ಮೊದಲ ವರ್ಷ ಸಹಿ ಹಾಕಿದರೆ, ಮೂರನೇ ವರ್ಷ ಏನು ಮಾಡ್ತಾರೆ? ಹಾಗಾಗಿ ಮೊದಲ ವರ್ಷದ ಫೀಸು ಹೊಂದಿಸಬಹುದಾ ಅಂತ ಕೇಳಬೇಡಿ. ಬೆಳೆ ಕೈಕೊಟ್ಟ ವರ್ಷವೂ ಕಟ್ಟಬಹುದಾ ಅಂತ ಕೇಳಿ.

ಮೂರನೇದು, ಕಾಲ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹದಿನೆಂಟಕ್ಕೆ ಸೇರಿದರೆ ಇಪ್ಪತ್ಮೂರು ಇಪ್ಪತ್ನಾಲ್ಕು. ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಅಂತ ಕೂತರೆ ಅದಕ್ಕೆ ಇನ್ನೊಂದು ಸೇರಿಸಿ. ಸ್ಪೆಷಲಿಸ್ಟ್ ಆಗಬೇಕಾದರೆ ಮತ್ತೆ ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ನನ್ನ ಜೊತೆ ಪಿಯುಸಿ ಮುಗಿಸಿ ಇಂಜಿನಿಯರಿಂಗ್‌ಗೆ ಬಂದವರು ಇಪ್ಪತ್ತೆರಡಕ್ಕೆ ಸಂಬಳ ಎಣಿಸುತ್ತಿದ್ದರು. ಮೆಡಿಕಲ್‌ಗೆ ಹೋದವನು ಇಪ್ಪತ್ತೆಂಟಕ್ಕೂ ಪುಸ್ತಕ ಹಿಡಿದು ಕೂತಿರುತ್ತಾನೆ. ಇದು ದೂರಲ್ಲ, ಆ ಓದಿನ ಸ್ವಭಾವವೇ ಅದು. ತಮ್ಮಾ, ತಂಗೀ, ಅಷ್ಟು ದಿನ ಕೂರೋ ಮನಸ್ಸು ನಿನ್ನದಾ, ಇಲ್ಲ ನಿಮ್ಮ ಅಪ್ಪಾಜಿಯದಾ? ಸೀಟು ಅಪ್ಪ ಕೊಡಿಸಬಹುದು. ರಾತ್ರಿ ಎರಡು ಗಂಟೆಗೆ ಕ್ಯಾಜುವಾಲ್ಟಿಯಲ್ಲಿ ರಕ್ತ ನೋಡುತ್ತಾ ನಿಲ್ಲಬೇಕಾದವನು ನೀನು. ಅರ್ಜಿ ಹಾಕುವ ಮುಂಚೆ ನಿಮ್ಮೂರಿನ ತಾಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಮುಂದೆ ಒಂದು ಬೆಳಗ್ಗೆ ಸುಮ್ಮನೆ ಕೂತು ಬಾ. ಕೋಚಿಂಗ್ ಸೆಂಟರ್‌ನವರು ಹೇಳದೇ ಇರೋದನ್ನು ಅದು ಹೇಳುತ್ತೆ.

ಇನ್ನು ವಿದೇಶ. ಹೋಗಲೇಬಾರದು ಅಂತ ನಾನು ಹೇಳಲ್ಲ. ಯುದ್ಧವನ್ನು ಯಾರೂ ಮೊದಲೇ ಕಾಣೋಕೆ ಆಗಲ್ಲ. ಆದರೆ ಕಾಣೋಕೆ ಆಗುವ ಸಂಗತಿಗಳನ್ನಾದರೂ ನೋಡಿ. 2021ರ ನವೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಮಾಡಿದೆ. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು. ಪಾಠ ಇಂಗ್ಲಿಷ್‌ನಲ್ಲಿ ಇರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳು ಇಂಟರ್ನ್‌ಶಿಪ್, ಭಾರತಕ್ಕೆ ಬಂದ ಮೇಲೆ ಮತ್ತೆ 12 ತಿಂಗಳು. ಓದಿದ ದೇಶದಲ್ಲೇ ವೈದ್ಯನಾಗಿ ನೋಂದಣಿ ಆಗುವ ಅರ್ಹತೆ ಆ ಡಿಗ್ರಿಗೆ ಇರಬೇಕು. ಇದರ ಜೊತೆಗೆ ಇಲ್ಲಿ ಸ್ಕ್ರೀನಿಂಗ್ ಟೆಸ್ಟ್. 300 ಪ್ರಶ್ನೆ, 150 ಸರಿ ಇದ್ದರೆ ಪಾಸು. ಡಿಸೆಂಬರ್ 2023ರಲ್ಲಿ ಪಾಸಾದವರು ಎಷ್ಟು? ಐದು ಜನರಲ್ಲಿ ಒಬ್ಬ. ಉಳಿದ ನಾಲ್ವರು ಮತ್ತೆ ಬರೆಯಬೇಕು. ಪಾಸಾಗುವ ತನಕ ಡಿಗ್ರಿ ಕೈಯಲ್ಲಿದೆ, ಡಾಕ್ಟರ್ ಅಲ್ಲ. ಹೊಲ ಹೋಗಿದೆ, ಬೋರ್ಡು ಬಿದ್ದಿಲ್ಲ.

ಏಜೆಂಟ್ ಮನೆಗೆ ಬಂದರೆ ಚಹಾ ಕೊಡಿ. ಕೊಟ್ಟು ಮೂರು ಪ್ರಶ್ನೆ ಕೇಳಿ. ಆ ಡಿಗ್ರಿ ಇಟ್ಟುಕೊಂಡು ಆ ದೇಶದಲ್ಲೇ ಪ್ರಾಕ್ಟೀಸ್ ಮಾಡಬಹುದಾ? ಇಂಟರ್ನ್‌ಶಿಪ್ ಅದೇ ಕಾಲೇಜಿನಲ್ಲಾ? ಅಲ್ಲಿ ಓದಿ ಬಂದ ನಮ್ಮವರಲ್ಲಿ ಸ್ಕ್ರೀನಿಂಗ್ ಟೆಸ್ಟ್ ಪಾಸಾದವರು ಎಷ್ಟು ಜನ? ಬಾಯಿ ಮಾತು ಬೇಡ, ಬರವಣಿಗೆಯಲ್ಲಿ ಕೊಡಪ್ಪಾ ಅನ್ನಿ. "ಎನ್‌ಎಂಸಿ ಅಪ್ರೂವ್ಡ್ ಕಾಲೇಜು ಸರ್" ಅಂದನಾ? ಅಲ್ಲೇ ನಿಲ್ಲಿಸಿ. ವಿದೇಶದ ಕಾಲೇಜುಗಳಿಗೆ ಆಯೋಗ ಅಂಥ ಮುದ್ರೆ ಒತ್ತುವುದಿಲ್ಲ. ಇಲ್ಲದ ಮುದ್ರೆ ತೋರಿಸುವವನ ಕೈಗೆ ಹೊಲದ ಪತ್ರ ಕೊಡ್ತೀರಾ?

ಈಗ ಒಳ್ಳೆ ಸುದ್ದಿ. ನವೀನ್ ಪಿಯುಸಿ ಮುಗಿಸಿದ ಕಾಲಕ್ಕೆ ಹಾವೇರಿ ಜಿಲ್ಲೆಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇರಲಿಲ್ಲ. ಹುಬ್ಬಳ್ಳಿಯಲ್ಲಿತ್ತು, ಗದಗಿನಲ್ಲಿತ್ತು, ಶಿವಮೊಗ್ಗದಲ್ಲಿತ್ತು. 2022-23ರಿಂದ ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾಗಿದೆ, 150 ಸೀಟು. ಆ ಹುಡುಗ ಹೋದ ವರ್ಷವೇ. ತಡವಾಯಿತು ಅಂತ ಹೊಟ್ಟೆ ಉರಿಯುತ್ತೆ, ಬಂತಲ್ಲ ಅಂತ ಸಮಾಧಾನವೂ ಆಗುತ್ತೆ. ಹಾಗಂತ 150 ಸೀಟೂ ಹಾವೇರಿ ಮಕ್ಕಳಿಗೆ ಅಂತ ತಿಳಿಯಬೇಡಿ. ಶೇಕಡಾ 15 ಅಖಿಲ ಭಾರತ ಕೋಟಾಕ್ಕೆ, ಉಳಿದದ್ದು ಇಡೀ ರಾಜ್ಯಕ್ಕೆ, ಕೆಇಎ ಕೌನ್ಸೆಲಿಂಗ್ ಮೂಲಕ.

ಆದರೆ ಹಳ್ಳಿ ಮಕ್ಕಳ ಕೈಯಲ್ಲಿ ಎರಡು ಎಲೆ ಇವೆ, ಎಷ್ಟೋ ಜನ ಅದನ್ನು ಆಡುವುದೇ ಇಲ್ಲ. ಒಂದರಿಂದ ಹತ್ತರ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15 ಗ್ರಾಮೀಣ ಮೀಸಲಾತಿ. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5. ಹಳ್ಳಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದು ಹಿಂಜರಿಕೆಯ ವಿಷಯ ಅಲ್ಲ ಸ್ವಾಮಿ, ಅದು ರ್‍ಯಾಂಕು. ಆದರೆ ಪ್ರಮಾಣಪತ್ರ ಬೇಕು, ಶಾಲೆಯವರ ಸಹಿ ಬೇಕು, ಬಿಇಒ ಕಚೇರಿಯ ಮೇಲುರುಜು ಬೇಕು. ಫಲಿತಾಂಶ ಬಂದ ಮೇಲೆ ಓಡಾಡಬೇಡಿ. ಈ ವಾರವೇ ಮಾಡಿಸಿಕೊಳ್ಳಿ. ನೀಟ್ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತೆ.

ಕೊನೆಯದಾಗಿ, ಸೀಟು ಸಿಗದಿದ್ದರೆ? ಹನ್ನೆರಡರಲ್ಲಿ ಹನ್ನೊಂದು ಮನೆಯ ಪ್ರಶ್ನೆ ಇದು. ಉತ್ತರ ಮೊದಲೇ ಸಿದ್ಧ ಇರಬೇಕು. ಪಶುವೈದ್ಯ ಕೋರ್ಸಿಗೆ ನಮ್ಮ ರಾಜ್ಯದಲ್ಲಿ ಸಿಇಟಿ ಸಾಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೃಷಿಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಪಕ್ಕದ ಶಿವಮೊಗ್ಗ, ಗದಗಿನಲ್ಲಿ ಕಾಲೇಜುಗಳಿವೆ. ಎಮ್ಮೆ ಕರು ಹಾಕೋಕೆ ಒದ್ದಾಡುವಾಗ ರೈತನ ಮನೆಗೆ ಬರುವ ಡಾಕ್ಟರ್ ಯಾರಿಗಿಂತ ಕಡಿಮೆ? ಬಿಎಸ್ಸಿ ನರ್ಸಿಂಗ್ ಇದೆ, ಫಿಸಿಯೋಥೆರಪಿ ಇದೆ, ಲ್ಯಾಬ್ ಟೆಕ್ನಾಲಜಿ ಇದೆ. ಆಸ್ಪತ್ರೆ ನಡೆಯೋದು ಒಬ್ಬ ಎಂಬಿಬಿಎಸ್‌ನಿಂದ ಅಲ್ಲ.

ತಂದೆ ತಾಯಂದಿರೇ, ಈ ದಾರಿಗಳನ್ನು ಮಕ್ಕಳ ಮುಂದೆ ಫಲಿತಾಂಶಕ್ಕೆ ಮೊದಲೇ ಇಡಿ. ಆಮೇಲೆ ಇಟ್ಟರೆ ಅದು ಸೋಲಿನ ಬಹುಮಾನ ಥರ ಕಾಣುತ್ತೆ. ಮೊದಲೇ ಇಟ್ಟರೆ ಧೈರ್ಯ. ಅಂಕ ಕಡಿಮೆ ಬಂದ ದಿನ ಆ ಮಗುವಿಗೆ ಊಟಕ್ಕೆ ಕರೆಯಿರಿ, ಪಕ್ಕದ ಮನೆಯವರ ಮಗನ ಅಂಕ ಹೇಳಬೇಡಿ.

ಸರ್ಕಾರಕ್ಕೂ ಒಂದು ಮಾತು. ಕಾಲೇಜು ಕಟ್ಟಿದರೆ ಸಾಲದು, ಬೋಧಕರನ್ನು ಕೊಡಿ, ಆಸ್ಪತ್ರೆಗೆ ಹಾಸಿಗೆ ಕೊಡಿ, ಹಾಸ್ಟೆಲ್ ಕೊಡಿ. ಚಳಗೇರಿಯಂಥ ಊರಿನ ಜಾಣ ಹುಡುಗ ಚಳಗೇರಿಯಿಂದ ಬಸ್ಸು ಹತ್ತಿ ಹೋಗಿಬರುವಷ್ಟು ದೂರದಲ್ಲಿ ಡಾಕ್ಟರ್ ಆಗುವಂತಿರಬೇಕು. ಅದು ಉಪಕಾರ ಅಲ್ಲ, ಬಾಕಿ.

ನಿಮ್ಮ ಮನೆಯ ಲೆಕ್ಕವನ್ನು ಇವತ್ತು ರಾತ್ರಿ ಊಟ ಆದ ಮೇಲೆ ಎಲ್ಲರೂ ಕೂತು ಹಾಕಿ. ಅಂಕ ಎಷ್ಟು, ರೊಕ್ಕ ಎಷ್ಟು, ವರ್ಷ ಎಷ್ಟು, ಮನಸ್ಸು ಯಾರದು. ನಾಲ್ಕಕ್ಕೂ ಉತ್ತರ ಸಿಕ್ಕಿದರೆ ಧೈರ್ಯವಾಗಿ ಹೋಗಲಿ ಮಗು. ಒಂದಕ್ಕೆ ಸಿಗದಿದ್ದರೂ ಹೊಲದ ಪತ್ರ ಪೆಟ್ಟಿಗೆಯಲ್ಲೇ ಇರಲಿ.